ನಾಟಕದೊಳಗೆ ನುಗ್ಗಿದ ಅತಿಥಿ

ಒಬ್ಬರೇ ಕೂತು ಬರೆಯುವ ಸುಖವನ್ನು ಹೆಡ್‌ಮಿಸ್ ಕಿತ್ತುಕೊಂಡರು ಎಂಬುದು ಕನ್ನಡ ಮೇಷ್ಟ್ರ ಕೊರಗು. ಶಾಲೆಯ ನಾಟಕವೆಂದರೆ ಇಷ್ಟು ವರ್ಷ ಅವರದೇ ಏಕಚಕ್ರಾಧಿಪತ್ಯ. ಈ ಸಲ ಮಾತ್ರ ಆನ್‌ಲೈನ್‌ನಲ್ಲಿ ಒಂದೇ ಡಾಕ್ಯುಮೆಂಟ್ ತೆರೆದು ಎಲ್ಲರೂ ಸೇರಿ ಬರೆಯಬೇಕು, ಲಿಂಕ್ ಇದ್ದವರು ಯಾರು ಬೇಕಾದರೂ ತಿದ್ದಬಹುದು ಎಂದು ಆಜ್ಞೆಯಾಗಿತ್ತು.

"ನಾಟಕ ಏನು ಛತ್ರದ ಪೊರಕೆಯೇ, ಬಂದವರೆಲ್ಲ ಹಿಡಿದು ಗುಡಿಸೋದಕ್ಕೆ?" ಎಂದು ಹೆಂಡತಿಯ ಮುಂದೆ ಹಲುಬಿದರು. ಅದೇ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಆಕೆ ತಿದ್ದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಮೊದಲು ಬರೀರಿ. ಅದಿನ್ನೂ ಖಾಲಿಯಿದೆ" ಎಂದರು.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಬರೆಯಲು ಕೂತರು. ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಕಾಲು ಉಳುಕಿ ಮಗಳ ಮನೆಗೆ ಬಂದಿದ್ದ ಅತ್ತೆ ಕೋಣೆಯಲ್ಲಿ ಮಲಗಿದ್ದರು. (ಹಾಗೆಂದು ಮೇಷ್ಟ್ರು ತಿಳಿದಿದ್ದರು.) ಅತ್ತೆ ಅಳಿಯನ ನಡುವೆ "ಊಟ ಆಯ್ತಾ?", "ಆಯ್ತು" ಎಂಬುದರಾಚೆ ಮಾತು ಬೆಳೆದದ್ದೇ ಇಲ್ಲ.

ನಾಟಕದ ರಾಜನಿಗೆ ನಿದ್ದೆ ಬಾರದ ರೋಗ. ಮೇಷ್ಟ್ರು ತೂಕಡಿಸುತ್ತಲೇ ಅವನ ಬಾಯಲ್ಲಿ, "ಹೇ ನಿದ್ರಾದೇವಿ, ಮದೀಯ ನಯನದ್ವಯಕ್ಕೆ ದಯಮಾಡು" ಎಂದು ಹೇಳಿಸಿದರು. ಆಗ ಆ ಸಾಲಿನ ಪಕ್ಕ ಒಂದು ನೇರಳೆ ಗೆರೆ ಮಿನುಗಿತು. ಬೇರೆ ಯಾರೋ ತಿದ್ದಲು ಬಂದಿದ್ದರು; ಗೆರೆಯ ಮೇಲೆ ಹೆಸರಿನ ಬದಲು 'ಅತಿಥಿ' ಎಂದಷ್ಟೇ ಇತ್ತು. ನೋಡನೋಡುತ್ತ ನಿದ್ರಾದೇವಿ ಅಕ್ಷರ ಅಕ್ಷರವಾಗಿ ಕರಗಿದಳು. ಆ ಜಾಗದಲ್ಲಿ, "ಮಂತ್ರಿ, ನಿದ್ದೆ ಬರ್ತಿಲ್ಲ. ನಿನ್ನದೊಂದು ಭಾಷಣ ಶುರುಮಾಡು" ಎಂಬ ಮಾತು ಮೂಡಿತು.

ಮೇಷ್ಟ್ರಿಗೆ ರೇಗಿತು. ಆಮೇಲೆ ನಗು ಬಂತು. ಇವರು ಒಂದು ಸಾಲು ಬರೆದರೆ ಅತಿಥಿ ಅದಕ್ಕೊಂದು ಚುರುಕು ಮುಟ್ಟಿಸುವುದು. ಹೀಗೇ ಹೊತ್ತು ಜಾರಿತು. ಕೊಳದಲ್ಲಿ ಮೀನು ಮೇಲೇಳುವ ಹಾಗೆ ಸದ್ದಿಲ್ಲದೆ ಏಳುವ ಆ ಅಕ್ಷರಗಳನ್ನು ನೋಡುತ್ತ ಮೇಷ್ಟ್ರು ಕನಸಿಗಿಳಿದರು. ಯಾವ ಕಿಟಕಿಯ ಪಕ್ಕ ಕೂತಿದ್ದಾರೋ ಈ ಪುಣ್ಯಾತ್ಮರು! ತಡೆಯಲಾರದೆ ಅಂಚಿನಲ್ಲಿ ಬರೆದೇಬಿಟ್ಟರು: "ನನ್ನ ಲೇಖನಿ ಜನ್ಮಾಂತರದಿಂದ ಹುಡುಕುತ್ತಿದ್ದ ಜೊತೆ ತಾವೇ. ನಮ್ಮ ಮನೆಯಲ್ಲಿ ಹಾಸ್ಯ ಬಲ್ಲ ಜೀವ ಒಂದೂ ಇಲ್ಲ. ತಾವು ಯಾರು?"

ನೇರಳೆ ಗೆರೆ ಅಂಚಿಗೆ ಸರಿಯಿತು. ಆಮೇಲೆ ಉತ್ತರ ಬಂತು: "ಪಕ್ಕದ ಕೋಣೆಯಲ್ಲೇ ಇದ್ದೀನಿ, ಅಳಿಯಂದಿರೇ. ಹೊತ್ತು ಹೋಗಲಿ ಅಂತ ಮಗಳು ಟ್ಯಾಬ್‌ನಲ್ಲಿ ನಾಟಕದ ಲಿಂಕ್ ತೆರೆದು ಕೊಟ್ಟಳು."

ಮೇಷ್ಟ್ರ ನಿದ್ದೆ ಹಾರಿತು. ಬರೆದದ್ದನ್ನು ಅಳಿಸಲು ಹೊರಟರೆ ಅದರ ಕೆಳಗಾಗಲೇ ಹೆಂಡತಿಯ ಹಸಿರು ಗೆರೆ: "ಹಾಸ್ಯ ಬಾರದ ಜೀವವೂ ಓದಿತು." ಅದರ ಕೆಳಗೆ ಹೆಡ್‌ಮಿಸ್: "ಎಲ್ಲರೂ ಓದಿದೆವು. ನಾಟಕ ಚೆನ್ನಾಗಿದೆ. ರಚನೆ ಅಂತ ನಿಮ್ಮ ಅತ್ತೆಯವರ ಹೆಸರು ಹಾಕೋಣ."

ಕ್ಷಮೆ ಕೇಳಲೆಂದು ಮೇಷ್ಟ್ರು ಕೋಣೆಯ ಬಾಗಿಲಿಗೆ ಹೋಗಿ, "ಊಟ ಆಯ್ತಾ?" ಎಂದರು.

ಅತ್ತೆ ಟ್ಯಾಬಿನಿಂದ ಕಣ್ಣು ತೆಗೆಯದೆ ಕುರ್ಚಿ ತೋರಿಸಿದರು. "ಎರಡನೇ ಅಂಕದಲ್ಲಿ ರಾಜನಿಗೊಬ್ಬ ಪೆದ್ದ ಅಳಿಯ ಬರ್ತಾನೆ. ಸ್ವಲ್ಪ ಹಾಗೇ ಕೂತಿರಿ, ನೋಡ್ಕೊಂಡು ಬರೀತೀನಿ."

ಮೇಷ್ಟ್ರು ಕೂತರು.