ಮಾವನ ಜೀನ್ಸ್ ಗುಡಾರ

ನಮ್ಮ ಸೋದರಮಾವ ಒಮ್ಮೆ ಸೀನಿದರೆ ಬಳ್ಳಾರಿ ಕೋಟೆಯ ಪಾರಿವಾಳಗಳೆಲ್ಲ ಎದ್ದು ಒಂದು ಸುತ್ತು ಹಾಕಿ ಬರುತ್ತವೆ. ಮಾತಿಗೆ ನಿಂತರಂತೂ ಎದುರುಮನೆಯವರು ಟಿವಿ ಆರಿಸಿ ಇವರನ್ನೇ ಕೇಳುತ್ತಾರೆ. ಇಂಥವರಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಹಿಡಿದ ಹುಚ್ಚು ಯಾವುದು ಗೊತ್ತೇ? ಹಕ್ಕಿಗಳ ಫೋಟೊ ತೆಗೆಯುವುದು.

ಮಾವ ಆಯುಷ್ಯವೆಲ್ಲ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಯಾರದೋ ಹಳೆಯ ಕ್ಯಾಮೆರಾ ಕೊಂಡರು. ಮೊದಲ ತಿಂಗಳು ತೆಗೆದ ಫೋಟೊಗಳಲ್ಲಿ ಬಾಲ ಬಿಟ್ಟರೆ ಹಕ್ಕಿಯ ಬೇರೆ ಅಂಗವೇ ಇರಲಿಲ್ಲ. ಸಣ್ಣ ಗುಡಾರ ಕಟ್ಟಿ ಒಳಗೆ ಅಡಗಿ ಕೂತರೆ ಹಕ್ಕಿ ತಾನೇ ಹತ್ತಿರ ಬರುತ್ತದೆಂದು ಯಾರೋ ಹೇಳಿಕೊಟ್ಟರು. ಮಾವ ಅದಕ್ಕೆ ‘ಅಡಗುಮನಿ’ ಎಂದು ಹೆಸರಿಟ್ಟರು. ಫೋನಿನಲ್ಲಿ ಅರ್ಧಂಬರ್ಧ ಕೇಳಿಸಿಕೊಂಡ ನಮ್ಮವ್ವ, “ಈ ವಯಸ್ಸಿನ್ಯಾಗ ನಮ್ಮಣ್ಣಗ ಬ್ಯಾರೆ ಅಡಿಗಿಮನಿ ಯಾಕ ಬೇಕಾತು?” ಎಂದು ಎರಡು ದಿನ ಚಿಂತೆ ಮಾಡಿದಳು.

ಅಡಗುಮನೆ ಎದ್ದಿದ್ದು ಜೀನ್ಸ್ ಬಟ್ಟೆಯಲ್ಲಿ. ಉಳಿದ ತುಂಡುಗಳನ್ನೆಲ್ಲ ಕೂಡಿಸಿ, ಡಬಲ್ ಹೊಲಿಗೆ ಹಾಕಿ, ಪ್ಲಾಸ್ಟಿಕ್ ಪೈಪುಗಳ ಮೇಲೆ ಹೊದಿಸಿದ್ದರು. ಕ್ಯಾಮೆರಾದ ಮೂತಿ ಹೊರಗಿಡಲು ಜಿಪ್ಪು. ನೀರಿನ ಬಾಟಲಿಗೆ ಪ್ಯಾಂಟಿನ ಹಿಂದಿನ ಜೇಬು. ಕುರುಗೋಡಿನ ಶಾಲೆಯಲ್ಲಿ ಟೀಚರ್ ಆಗಿರುವ ನಾನು ಭಾನುವಾರಗಳಲ್ಲಿ ಇದನ್ನು ಹೊರುವ ಹಮಾಲಿಯಾದೆ.

ಮೊದಲ ಸವಾರಿ ಸಿರುಗುಪ್ಪದ ಕಡೆಗೆ, ಕರೂರಿನ ಗದ್ದೆ ಬದುವಿಗೆ. ಹಸಿರು ಭತ್ತದ ನಡುವೆ ನೀಲಿ ಗುಡಾರ ಎಷ್ಟು ಚೆನ್ನಾಗಿ ಅಡಗಿತ್ತೆಂದರೆ, ಮೇನ್ ರೋಡಿನ ಬಸ್ಸಿನವರೂ ಬಗ್ಗಿ ನೋಡಿದರು. ಬೆಳ್ಳಕ್ಕಿಗಳು ಇನ್ನೇನು ಹತ್ತಿರ ಬರಬೇಕು, ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಬಂದು ಜಿಪ್ಪಿನ ಮುಂದೆ ಕೂತಳು.

“ಅಣ್ಣಾರ, ಪ್ಯಾಂಟು ಇಲ್ಲೇ ಹೊಲಿದು ಕೊಡ್ತೀರೇನು? ನಮ್ಮನಿಯವರದು ಹರದೈತಿ.”

ನಲವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಒಳಗಿನಿಂದ ಮಾವನ ಕಂಚಿನ ಕಂಠ ಮೊಳಗಿತು: “ಅಳತಿ ತಂದೀಯೇನವ್ವಾ?”

ಬೆಳ್ಳಕ್ಕಿಗಳು ತುಂಗಭದ್ರೆ ದಾಟಿದವು.

ಮುಂದಿನ ಬಾರಿ ಗುಡಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ನೆನೆಸಿ ಕಲ್ಲಿನ ಬಣ್ಣಕ್ಕೆ ತಂದು, ಕುರುಗೋಡಿನ ಗುಡ್ಡದ ಬುಡಕ್ಕೆ ಹೋದೆವು. ಬಂಡೆಗಳಲ್ಲಿರುವ ಹಳದಿ ಕೊರಳಿನ ಪಿಕಳಾರ ಮಾವನಿಗೆ ಬೇಕಾಗಿತ್ತು. ಹಕ್ಕಿ ನೀರಿಗೆ ಇಳಿಯಲೆಂದು ಗುದ್ದಲಿ ಹಿಡಿದು ಸಣ್ಣ ಗುಂಡಿ ತೋಡುತ್ತಿದ್ದರು. ಕುರಿ ಕಾಯುವ ಅಜ್ಜನೊಬ್ಬ ಕೋಲೂರಿ ಎದುರಿಗೆ ನಿಂತ.

“ನಿಧಿ ಅಗ್ಯಾಕ ಬಂದೀರೇನ್ರಿ?”

“ಇಲ್ಲಜ್ಜ, ಹಕ್ಕಿ ಫೋಟೊ ತಗ್ಯಾಕ.”

“ಫೋಟೊಕ್ಕ ಗುದ್ದಲಿ ಯಾಕ ಬೇಕು?”

“ಹಕ್ಕಿ ಜಳಕಕ್ಕ ಕುಣಿ ಮಾಡಾಕತ್ತೀನಿ.”

ಅಜ್ಜ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: “ಯವ್ವಾ, ಇವರಿಗೆ ಔಷಧ ಕೊಡಸಾಕತ್ತೀರಿ ಹೌದಿಲ್ಲೊ?”

ನಂಬಿಕೆ ಬಾರದೆ ಅಜ್ಜ ಅಲ್ಲೇ ಕಾವಲು ಕೂತ. ಹನ್ನೊಂದರ ಬಿಸಿಲಿಗೆ ಎರಡು ಪಿಕಳಾರಗಳು ನಿಜವಾಗಿಯೂ ಇಳಿದು, ರೆಕ್ಕೆ ಬಡಿದು ಜಳಕ ಮಾಡಿದವು. ಅಜ್ಜ ಬಾಯಿ ತೆರೆದು ನೋಡಿದ. ಮರುದಿನದಿಂದ ಗುಂಡಿಗೆ ನೀರು ತುಂಬುವ ಕೆಲಸ ತಾನೇ ವಹಿಸಿಕೊಂಡ.

ಅದಾದ ವಾರ ಮಾವ ಗುಡಾರ ಬಿಚ್ಚಿ ದೊಡ್ಡದು ಮಾಡಿದರು. ಈಗ ಎರಡು ಜಿಪ್ಪು, ಎರಡು ಸ್ಟೂಲು. ಎರಡನೆಯದು ನನಗೇ ಇರಬೇಕೆಂದು ಹೆದರಿ, “ನನಗೆ ಪೇಪರ್ ತಿದ್ದೋದು ಐತಿ ಮಾವ” ಎಂದು ಮೊದಲೇ ಹೇಳಿಬಿಟ್ಟೆ.

“ನಿನಗಲ್ಲವ್ವ. ನಿಮ್ಮತ್ತಿ ಸಲುವಾಗಿ.”

ಲಕ್ವ ಹೊಡೆದು ಅತ್ತೆಯ ಮುಖದ ಒಂದು ಭಾಗ ಸೊಟ್ಟಗಾಗಿ ಒಂಬತ್ತು ತಿಂಗಳಾಗಿತ್ತು. ಮದುವೆ ಮುಂಜಿ ಇರಲಿ, ಅವರು ತರಕಾರಿ ಗಾಡಿಗೂ ಹೊರಗೆ ಬರುತ್ತಿರಲಿಲ್ಲ. ಯಾರಾದರೂ ಬಂದರೆ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದರು. ನನ್ನೊಡನೆಯೂ ಗೋಡೆ ನೋಡಿಯೇ ಮಾತು.

“ಆ ಗುಡಾರದಾಗ ಕುಂತ್ರ ಅಕಿಗಿ ಎಲ್ಲಾ ಕಾಣತೈತಿ,” ಎಂದರು ಮಾವ. “ಅಕಿನ್ನ ಯಾರೂ ನೋಡಂಗಿಲ್ಲ.”

ಅತ್ತೆ ಒಪ್ಪಿದ್ದು ಹೇಗೋ ತಿಳಿಯದು. ಬೆಳಗಿನ ಜಾವ ಆಟೊದಲ್ಲಿ ಗುಡ್ಡದ ಬುಡಕ್ಕೆ ಬಂದು, ಗುಡಾರ ಹೊಕ್ಕು, ಕುರಿ ಕಾಯುವವರೆಲ್ಲ ಚದುರಿದ ಮೇಲೆ ಹೊರಡುತ್ತಿದ್ದರು. ಮೂರು ಭಾನುವಾರ ಹೀಗೇ ಕಳೆಯಿತು.

ನಾಲ್ಕನೆಯ ಭಾನುವಾರ ಪಿಕಳಾರ ಮರಿಯೊಂದನ್ನು ಕರೆತಂದು ಗುಂಡಿಯ ಅಂಚಿನಲ್ಲಿ ತುತ್ತು ಕೊಟ್ಟಿತು. ಆ ಫೋಟೊ ತೆಗೆದದ್ದು ಅತ್ತೆ. ಸ್ವಲ್ಪ ಹೊತ್ತಿಗೆ ಅಜ್ಜನ ಹೆಂಡತಿ ನಮಗೆಲ್ಲ ಮಂಡಕ್ಕಿ ತಂದಳು. ನಾನು ಹೊರಗೆ ಬಂಡೆಯ ಮೇಲೆ ಕೂತಿದ್ದೆ. ಗುಡಾರದ ಮಗ್ಗುಲು ಅಲುಗಿತು. ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆ ಹೊರಗೆ ಬಂದರು. ಸೆರಗು ಹಿಡಿಯಲು ಕೈ ಖಾಲಿ ಇರಲಿಲ್ಲ.

“ಬಾರಬೇ ಯಕ್ಕಾ, ಇಲ್ಲಿ ನೋಡು. ಮರಿ ಹೆಂಗ ಬಾಯಿ ತಗದೈತಿ.”

ಅಜ್ಜಿ ಫೋಟೊ ನೋಡಿದಳು. ಆಮೇಲೆ ಅತ್ತೆಯ ಮುಖವನ್ನೂ ನೋಡಿ ನೇರವಾಗಿ ಕೇಳಿದಳು: “ನಿನ್ನ ಬಾಯಿಗೇನಾಗೇತಿ?”

ನಾನು ಬಂಡೆಯಿಂದ ಅರ್ಧ ಎದ್ದೆ.

“ಲಕ್ವ ಹೊಡದಿತ್ತಬೇ,” ಎಂದರು ಅತ್ತೆ. “ಈಗ ಕಡಿಮಿ ಆಗಾಕತ್ತೈತಿ.” ಅಷ್ಟು ಹೇಳಿ, ಬಂಡೆಯ ಮೇಲೆ ಅಜ್ಜಿಯ ಪಕ್ಕ ಕೂತು ಮಂಡಕ್ಕಿಗೆ ಕೈ ಹಾಕಿದರು.

ಮಾವನನ್ನು ಕರೆಯೋಣವೆಂದು ಗುಡಾರದೊಳಗೆ ಬಗ್ಗಿದೆ. ಅವರು ಜಿಪ್ಪಿನ ಸಂದಿಗೆ ಕಣ್ಣಿಟ್ಟು ಬಂಡೆಯ ಕಡೆಗೇ ನೋಡುತ್ತಿದ್ದರು. ನನ್ನ ಸುಳಿವು ಹತ್ತಿ, ತುಟಿಯ ಮೇಲೆ ಬೆರಳಿಟ್ಟರು.

“ಸದ್ದು ಮಾಡಬ್ಯಾಡವ್ವ,” ಎಂದು ಪಿಸುಗುಟ್ಟಿದರು, “ಮಾತಾಡಾಕತ್ತಾಳ.”