ಕೊಕ್ಕೆಬೈಲಿನ ಒಂದಾಳು ದೋಣಿ

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯಲ್ಲಿ ಕಾಸರಗೋಡು ತಾಲೂಕಿನ ಕೊಕ್ಕೆಬೈಲು ಕಡವಿನಲ್ಲಿ, ಅಂದರೆ ಹೊಳೆ ದಾಟುವ ಜಾಗದಲ್ಲಿ, ಸಾರ್ವಜನಿಕರ ಉಪಯೋಗಕ್ಕಾಗಿ ಸರಕಾರಿ ದೋಣಿ ಒಂದು ಇತ್ತು. ಅದರಲ್ಲಿ ಒಬ್ಬನಿಗೆ ಮಾತ್ರ ಕೂರಲು ಸ್ಥಳವಿತ್ತು. ಆ ಒಬ್ಬನು ದೋಣಿ ನಡೆಸುವ ಅಂಬಿಗನೇ ಆಗಿದ್ದನು. ಹೀಗಿದ್ದರೂ ಆ ವರ್ಷ ಹದಿನೆಂಟು ಸಾವಿರ ಜನ ಆ ದೋಣಿಯಲ್ಲಿ ಹೊಳೆ ದಾಟಿದ್ದಾರೆಂದು ಫಿರ್ಕಾ ಎಂಬ ಕಂದಾಯ ಹೋಬಳಿಯ ಕಚೇರಿಯ ದಾಖಲೆ ಹೇಳುತ್ತದೆ. ಒಬ್ಬನೂ ಮುಳುಗಿದ ವರದಿಯಿಲ್ಲ.

ಅಂಬಿಗನ ಹೆಸರು ಮುದ್ದಣ್ಣ. ಮೂರು ತಲೆಮಾರಿನಿಂದ ಆ ಕಡವು ಅವನ ಮನೆಯವರದು. ಮೂವತ್ತು ಜನರನ್ನು, ಅವರ ಬುಟ್ಟಿ, ಕೋಳಿ, ಜಗಳ ಎಲ್ಲವನ್ನೂ ಒಟ್ಟಿಗೆ ಹೊರುವ ಒಂದು ದೊಡ್ಡ ದೋಣಿ ಅವನಿಗಿತ್ತು. ಮಗಳು ಪಂಕಜಾಕ್ಷಿ ನಡೆಯಲು ಕಲಿಯುವ ಮೊದಲೇ ಅದರ ಮೂತಿಯಲ್ಲಿ ಕುಳಿತು ಎಡಕ್ಕೆ, ಬಲಕ್ಕೆ ಎಂದು ಅಪ್ಪನಿಗೆ ಕೈತೋರಿಸಲು ಕಲಿತಿದ್ದಳು. ಆ ದೋಣಿ ಮತ್ತು ಆ ಮಗಳ ಮೇಲೆ ಅವನಿಗಿದ್ದಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಇರಲಿಲ್ಲ. ಹೆಂಡತಿ ಕಮಲ ಮೂರನೆಯ ಸ್ಥಾನಕ್ಕೆ ಎಂದೋ ಒಪ್ಪಿಕೊಂಡಿದ್ದಳು.

ಒಂದಾಳಿನ ಆ ಸಣ್ಣ ದೋಣಿಯನ್ನು ಊರಿಗೆ ತಂದವನು ಒಬ್ಬ ಬಿಳಿ ದೊರೆ. ಹೊಳೆಯು ಕಡಲಿಗೆ ಸೇರುವ ಮೊದಲು ಅಗಲವಾಗಿ, ಅಲುಗಾಡದೆ ಮಲಗುವ ಜಾಗದಲ್ಲಿ ಅವನು ದಿನಾ ಸಂಜೆ ಅದರಲ್ಲಿ ಹೋಗಿ ಬರುತ್ತಿದ್ದನು. ಮರದ ಪಟ್ಟಿಗಳ ಮೇಲೆ ಕ್ಯಾನ್ವಾಸು ಬಿಗಿದ, ಮೇಲ್ಭಾಗವೂ ಮುಚ್ಚಿದ, ನಡುವೆ ಒಂದೇ ತೂತಿದ್ದ ದೋಣಿ ಅದು. ದೊರೆ ಆ ತೂತಿನಲ್ಲಿ ಸೊಂಟದವರೆಗೆ ಇಳಿದರೆ ಬೆಂಡೆಕಾಯಿಯಿಂದ ಮನುಷ್ಯ ಮೊಳೆತ ಹಾಗೆ ಕಾಣುತ್ತಿತ್ತು. ಹುಟ್ಟಿಗೆ ಎರಡು ತುದಿಯಲ್ಲೂ ಹಲಗೆ. ಯಾವ ಊರಿಗೂ ಹೋಗದೆ, ಒಂದು ಮೀನನ್ನೂ ಹಿಡಿಯದೆ ದೊರೆ ಹೀಗೆ ಬೆವರು ಸುರಿಸುವುದನ್ನು ನೋಡಿ ಮುದ್ದಣ್ಣನಿಗೆ ಕನಿಕರವಾಗುತ್ತಿತ್ತು. ಯಾವ ದೈವದ ಹರಕೆಯೋ ಪಾಪ, ಎಂದುಕೊಳ್ಳುತ್ತಿದ್ದನು. ಚಳಿಜ್ವರ ಹಿಡಿದು ತನ್ನ ಸೀಮೆಗೆ ಮರಳುವಾಗ ದೊರೆಯು ದೋಣಿಯನ್ನು ಫಿರ್ಕಾ ಕಚೇರಿಯ ಜಗಲಿಯಲ್ಲಿಟ್ಟು, ‘ಊರ ಜನರ ಉಪಯೋಗಕ್ಕೆ’ ಎಂದು ಚೀಟಿ ಬರೆದು ಹೋದನು.

ಚೀಟಿ ಸಿಕ್ಕಿದ್ದು ಗುಮಾಸ್ತ ಹರಿನಾಥನಿಗೆ. ಹರಿನಾಥ ಲಂಚ ಮುಟ್ಟುವವನಲ್ಲ, ಸುಳ್ಳು ಹೇಳುವವನಲ್ಲ. ನಿಯಮ ಒಂದು ಬಿಟ್ಟು ಬೇರೆ ಯಾವ ಚಟವೂ ಅವನಿಗಿರಲಿಲ್ಲ. ವಾರದೊಳಗೆ ಕಡವಿನಲ್ಲಿ ಡಂಗುರ ಸಾರಿಸಲಾಯಿತು.

‘ಸರಕಾರಿ ದೋಣಿ ಇರುವ ಕಡವಿನಲ್ಲಿ ಖಾಸಗಿ ದೋಣಿ ನಡೆಸಕೂಡದು. ಮುದ್ದಣ್ಣನ ದೋಣಿಯನ್ನು ಕವುಚಿ ಹಾಕಿ ಅರಗಿನ ಮುದ್ರೆ ಒತ್ತತಕ್ಕದ್ದು. ಸರಕಾರಿ ದೋಣಿಯು ಅಂಬಿಗನಿಲ್ಲದೆ ಚಲಿಸಕೂಡದು. ಆಸನ ಒಂದೇ ಇರುವುದರಿಂದ ಪ್ರಯಾಣಿಕನು ದಡದಲ್ಲಿ ಹೆಸರು ಬರೆಯಿಸತಕ್ಕದ್ದು. ಅಂಬಿಗನು ಆಚೆಗೆ ಹೋಗಿ ಮರಳಿದ ಕೂಡಲೇ ಪ್ರಯಾಣಿಕನು ದಾಟಿದನೆಂದು ಭಾವಿಸತಕ್ಕದ್ದು. ಆಮೇಲೂ ಈಚೆ ದಡದಲ್ಲಿ ಕಂಡುಬಂದರೆ ಅದಕ್ಕೆ ಅವನೇ ಜವಾಬ್ದಾರನು.’

ಜನ ಹೆಸರು ಬರೆಯಿಸಿ, ದಾಟಿ, ಬಳಿಕ ಹನ್ನೊಂದು ಮೈಲಿ ಸುತ್ತಿ ಸೇತುವೆಯ ದಾರಿಯಲ್ಲಿ ಆಚೆ ದಡಕ್ಕೆ ನಡೆದು ಹೋದರು. ಮುದ್ದಣ್ಣನೇ ಸರಕಾರಿ ಅಂಬಿಗನಾಗಿ ನೇಮಕವಾದನು. ಎದೆಗೆ ಹಿತ್ತಾಳೆಯ ಬಿಲ್ಲೆ ಬಂದಾಗ ಅವನಿಗೆ ಕೊಂಚ ಖುಷಿಯೂ ಆಗದಿರಲಿಲ್ಲ. ಆದರೆ ಬೋರಲು ಬಿದ್ದ ತನ್ನ ದೋಣಿಯ ಬೆನ್ನ ಮೇಲೆ ಕಮಲ ಹಪ್ಪಳ ಒಣಗಿಸುವುದನ್ನು ಕಂಡರೆ ಬಿಲ್ಲೆಯ ಹೊಳಪು ಅರ್ಧಕ್ಕೆ ಇಳಿಯುತ್ತಿತ್ತು.

ಇನ್‌ಸ್ಪೆಕ್ಟರ್ ಶಿವಸುಬ್ರಹ್ಮಣ್ಯ ಭಟ್ಟರಿಗೆ ಮಾತ್ರ ದೋಣಿ ಬಹಳ ಹಿಡಿಸಿತು. ಫಿರ್ಕಾದ ಅಧಿಕಾರಿ ಅವರೇ. ಸರ್ಕೀಟು, ಅಂದರೆ ಸರಕಾರಿ ತಿರುಗಾಟ, ಜಲಮಾರ್ಗದಲ್ಲಾದರೆ ಭತ್ಯೆ ಹೆಚ್ಚು. ಆದುದರಿಂದ ಅವರು ತಿಂಗಳಿಗೆ ಎಂಟು ಸಲ ದೋಣಿಯಲ್ಲಿ ಸರ್ಕೀಟು ಹೊರಟರು. ಮುದ್ದಣ್ಣ ನೀರಿನಲ್ಲಿ ಹುಟ್ಟು ಹಾಕುತ್ತಿದ್ದನು. ಭಟ್ಟರು ಕೊಡೆ ಹಿಡಿದು ದಡದ ಮೇಲೆ ಅವನ ಸರಿಸಮಕ್ಕೆ ನಡೆಯುತ್ತಿದ್ದರು. ಅವರಿಗೆ ಏದುಸಿರು ಬಂದಾಗ ಮುದ್ದಣ್ಣ ನಿಲ್ಲಿಸುತ್ತಿದ್ದನು.

ಮೇಲಿನವರಿಂದ ಒಂದು ಪ್ರಶ್ನೆ ಬಂತು: ಒಂದೇ ಆಸನವಿರುವ ದೋಣಿಯಲ್ಲಿ ಅಂಬಿಗನೂ ಅಧಿಕಾರಿಯೂ ಕುಳಿತದ್ದು ಹೇಗೆ? ಭಟ್ಟರು ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಹರಿನಾಥ ಒಂದು ಆಜ್ಞೆಯ ಕರಡು ತಂದನು. ಭಟ್ಟರು ಆನಂದಬಾಷ್ಪದಿಂದ ರುಜು ಹಾಕಿದರು.

‘ಸರ್ಕೀಟಿನ ಸಮಯದಲ್ಲಿ ದೋಣಿಯ ಆಸನದಲ್ಲಿರುವ ವ್ಯಕ್ತಿಯೇ ಫಿರ್ಕಾ ಅಧಿಕಾರಿಯೆಂದು ಭಾವಿಸತಕ್ಕದ್ದು. ಅಧಿಕಾರಿಯ ಟೊಪ್ಪಿ, ಮೊಹರು ಮತ್ತು ಬಾಕಿ ಅರ್ಜಿಗಳು ಆ ಆಸನದೊಡನೆಯೇ ಇರತಕ್ಕದ್ದು.’

ಇದನ್ನೂ ಮೂರು ಸಲ ಡಂಗುರ ಸಾರಿಸಿದರು. ಮೇಲಿನವರು ಸಂತುಷ್ಟರಾದರು. ಭಟ್ಟರ ಟೊಪ್ಪಿ ಮುದ್ದಣ್ಣನ ತಲೆಗೆ ದೊಡ್ಡದಾಗಿ ಕಣ್ಣಿನವರೆಗೂ ಇಳಿಯುತ್ತಿತ್ತು. ದಡದಲ್ಲಿ ಬಟ್ಟೆ ಒಗೆಯುವವರು ಎದ್ದುನಿಂತು ಆ ಟೊಪ್ಪಿಗೆ ಕೈಮುಗಿಯುತ್ತಿದ್ದರು. ಹಿಂದಿನಿಂದ ನಡೆದುಬರುವ ಭಟ್ಟರಿಗೆ, ‘ಸ್ವಲ್ಪ ಬದಿಗೆ ಬನ್ನಿ, ಅಧಿಕಾರಿಗಳು ಹೋಗ್ತಾ ಇದ್ದಾರೆ’ ಎನ್ನುತ್ತಿದ್ದರು.

ಹೀಗೆ ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತಿರುವಾಗ ಪಂಕಜಾಕ್ಷಿಗೆ ಮದುವೆ ನಿಶ್ಚಯವಾಯಿತು. ಹುಡುಗ ಗುಣಪಾಲ, ಆಚೆ ದಡದವನು. ಮದುಮಗನ ದಿಬ್ಬಣ ಹೆಣ್ಣಿನ ಮನೆಗೆ ಬರಬೇಕು. ಬೆಳಗ್ಗೆ ಹನ್ನೊಂದಕ್ಕೆ ಧಾರೆ. ಮುಹೂರ್ತ ತಪ್ಪಿದರೆ ಸಂಬಂಧವೂ ತಪ್ಪಿತೆಂದೇ ತಿಳಿಯಿರಿ ಎಂದು ಹುಡುಗನ ಸೋದರಮಾವ ಮೊದಲೇ ಹೇಳಿದ್ದನು. ಒಂದು ದಿನದ ಮಟ್ಟಿಗೆ ತನ್ನ ದೋಣಿಯ ಮುದ್ರೆ ತೆಗೆಸಿಕೊಡಬೇಕೆಂದು ಮುದ್ದಣ್ಣ ಮೂರು ತಿಂಗಳ ಮುಂಚೆಯೇ ಅರ್ಜಿ ಕೊಟ್ಟಿದ್ದನು. ತಾನು ಹುಟ್ಟಿಸಿದ ಮಗಳ ಗಂಡನನ್ನು ತಾನೇ ಹುಟ್ಟು ಹಾಕಿ ಕರೆತರಬೇಕೆಂಬ ಆಸೆ ಅವನಿಗೆ. ಮದುವೆಗೆ ನಾಲ್ಕು ದಿನ ಇರುವಾಗ ಹರಿನಾಥ ಉತ್ತರ ತಂದನು.

‘ಆಗುದಿಲ್ಲ ಮುದ್ದಣ್ಣ. ಸರಕಾರಿ ದೋಣಿ ಉಂಟಲ್ಲ? ದಿಬ್ಬಣದವರು ಅದರಲ್ಲೇ ದಾಟಬಹುದು ಅಂತ ಅವರಿಗೂ ಕಾಗದ ಹೋಗಿದೆ.’

‘ಅರುವತ್ತು ಜನ ಉಂಟು ಗುಮಾಸ್ತರೇ!’

‘ಅರುವತ್ತಾದ್ರೆ ಎಂತ? ನೀನು ಅರುವತ್ತು ಸಲ ಹೋಗಿ ಬಾ. ಮದುಮಗನ ಹೆಸರು ಮೊದಲು ಬರೆಯುವಾ. ದಾಟಿದನೆಂದು ಭಾವಿಸಿ ಧಾರೆ ಎರೆಸಿಬಿಡಿ.’

ಒಳಗಿನಿಂದ ಕಮಲ ಸೌಟು ಹಿಡಿದೇ ಬಂದಳು. ‘ಭಾವಿಸಿದ ಅಳಿಯನಿಗೆ ಭಾವಿಸಿದ ಊಟ ಬಡಿಸ್ಬಹುದು ಗುಮಾಸ್ತರೇ. ಮೊಮ್ಮಕ್ಕಳನ್ನೂ ಭಾವಿಸುದಾ?’

ಅದಕ್ಕೆ ನಿಯಮ ಇದೆಯೇ ಎಂದು ನೋಡಿ ಹೇಳುತ್ತೇನೆಂದು ಹರಿನಾಥ ಪ್ರಾಮಾಣಿಕವಾಗಿ ಹೇಳಿ ಹೋದನು. ಪಂಕಜಾಕ್ಷಿ ಬೋರಲು ಬಿದ್ದ ದೋಣಿಯ ಮೂತಿಯನ್ನು ಸೆರಗಿನಿಂದ ಒರೆಸುತ್ತ ಕುಳಿತಳು. ಮುದ್ದಣ್ಣನ ಕೈ ಅರಗಿನ ಮುದ್ರೆಯ ತನಕ ಹೋಯಿತು. ಆದರೆ ಅರಗಿನ ಮೇಲೆ ಚಕ್ರವರ್ತಿಯ ಮುಖವಿತ್ತು. ಒಡೆದರೆ ಮೂರು ತಿಂಗಳು ಜೈಲು. ಅಪ್ಪ ಜೈಲಿಗೆ ಹೋದ ಮನೆಯ ಹೆಣ್ಣನ್ನು ಯಾವ ದಿಬ್ಬಣ ಒಯ್ಯುತ್ತದೆ?

ಮದುವೆಯ ದಿನ ತಿಂಗಳ ಕೊನೆಯ ದಿನವೂ ಆಗಿತ್ತು. ಭಟ್ಟರ ಲೆಕ್ಕದಲ್ಲಿ ಆ ತಿಂಗಳು ಇನ್ನೊಂದು ಸರ್ಕೀಟು ಬಾಕಿ. ಹತ್ತು ಗಂಟೆಗೆ ಅವರು ಕೊಡೆಯೊಡನೆ, ಪುಸ್ತಕ ಹಿಡಿದ ಹರಿನಾಥನೊಡನೆ ಕಡವಿಗೆ ಬಂದರು. ಆಚೆ ದಡದಲ್ಲಿ ವಾಲಗ ಮೊಳಗುತ್ತಿತ್ತು. ಮುಂಡಾಸು ಕಟ್ಟಿದ ಗುಣಪಾಲನ ಹಿಂದೆ ಅರುವತ್ತು ಜನ ಸರಕಾರಿ ದೋಣಿಗಾಗಿ ಕಾಯುತ್ತಿದ್ದರು.

‘ಹೊರಡುವಾ ಮುದ್ದಣ್ಣ,’ ಎಂದರು ಭಟ್ಟರು.

‘ಸ್ವಾಮಿ, ಇವತ್ತು ಮಗಳ ಮದುವೆ!’

‘ಗೊತ್ತುಂಟು ಮಾರಾಯ. ಬೇಗ ಮುಗಿಸುವಾ.’

ಮುದ್ದಣ್ಣ ಮದುವೆಯ ಜರಿಪಂಚೆಯಲ್ಲೇ ತೂತಿಗೆ ಇಳಿದನು. ಟೊಪ್ಪಿ ತಲೆಗೆ ಬಂತು, ಮೊಹರಿನ ಪೆಟ್ಟಿಗೆ ಮಡಿಲಿಗೆ ಬಂತು. ಅಳು ಒತ್ತರಿಸಿ ಬರುತ್ತಿದ್ದುದರಿಂದ ಟೊಪ್ಪಿ ಕಣ್ಣಿಗೆ ಇಳಿದದ್ದೇ ಒಳ್ಳೆಯದಾಯಿತು ಎಂದುಕೊಂಡನು. ಹೊಳೆಯ ನಡುವಿಗೆ ಬಂದಾಗ ಆಚೆ ದಡದ ಅರುವತ್ತು ಜನರೂ ಎದ್ದು ಟೊಪ್ಪಿಗೆ ಕೈಮುಗಿದರು. ಅಲ್ಲಿ ಮುದ್ದಣ್ಣನ ಹುಟ್ಟು ಗಕ್ಕನೆ ನಿಂತಿತು. ಮೂರು ಸಲ ಕೇಳಿದ ಡಂಗುರ ಅವನಿಗೆ ನಾಲ್ಕನೆಯ ಸಲ ಕೇಳಿಸಿತು.

‘ಗುಮಾಸ್ತರೇ,’ ಎಂದು ಅವನು ಈಚೆ ದಡಕ್ಕೆ ಕೂಗಿದನು, ‘ಅಧಿಕಾರಿ ಸರ್ಕೀಟು ಹೋಗುವಾಗ ಸಾಮಾನು ಒಯ್ಯಬಹುದಾ?’

‘ಒಯ್ಯಬಹುದು,’ ಎಂದನು ಹರಿನಾಥ. ‘ಎಷ್ಟು ಅಂತ ನಿಯಮದಲ್ಲಿ ಹೇಳಿಲ್ಲ.’

‘ಹಾಗಾದ್ರೆ ಬರ್ಕೊಳ್ಳಿ. ಕವುಚಿ ಹಾಕಿದ ದೊಡ್ಡ ದೋಣಿಯನ್ನು ಇವತ್ತಿನಿಂದ ಈ ಸರಕಾರಿ ದೋಣಿಯ ಸಾಮಾನಿನ ಪೆಟ್ಟಿಗೆಯೆಂದು ಭಾವಿಸತಕ್ಕದ್ದು. ಮುದ್ರೆ ತೆಗೆದು, ಹಗ್ಗದಲ್ಲಿ ಇದರ ಹಿಂದೆ ಕಟ್ಟತಕ್ಕದ್ದು. ಆಚೆ ಇರುವ ಅರುವತ್ತು ಜನ ಅಧಿಕಾರಿಯ ಸಾಮಾನು.’ ಮೊಹರಿನ ಪೆಟ್ಟಿಗೆಯಲ್ಲಿ ಇನ್ನೂ ಬಿದ್ದಿದ್ದ ತನ್ನ ಅರ್ಜಿಯನ್ನೇ ತೆಗೆದು ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ಮೊಹರನ್ನು ದೋಣಿ ಅಲ್ಲಾಡುವಷ್ಟು ಜೋರಾಗಿ ಬಡಿದನು.

ಭಟ್ಟರ ಕೊಡೆ ಕೆಳಗೆ ಬಿತ್ತು. ‘ಏ ಹರಿನಾಥ, ಅದೆಂತ ಬರೀತಿ? ಅಧಿಕಾರಿ ನಾನು!’

ಹರಿನಾಥ ಪೆನ್ನಿನಿಂದ ಕಣ್ಣೆತ್ತಲಿಲ್ಲ. ‘ಅಧಿಕಾರಿಗಳು ದೋಣಿಯಲ್ಲಿ ಇದ್ದಾರೆ. ತಾವು ದಡದಲ್ಲಿ ಇರುವುದಾದರೆ ಹೇಳಿ, ಅದನ್ನೂ ಬರೀತೇನೆ. ಹಿಂದಿನ ಸರ್ಕೀಟುಗಳಲ್ಲೂ ಹಾಗೇ ಇದ್ದಿರಾ?’

ಭಟ್ಟರು ಹೊಳೆಯನ್ನು ನೋಡಿದರು, ಮರಳಿನ ಮೇಲಿನ ತಮ್ಮ ಕಾಲನ್ನು ನೋಡಿದರು. ಗಂಭೀರವಾಗಿ ಹೇಳಿದರು: ‘ಇಲ್ಲ ಮಾರಾಯ. ನಾನು ದೋಣಿಯಲ್ಲೇ ಇದ್ದೇನೆ.’

ಆಮೇಲೆ ತಡವಾಗಲಿಲ್ಲ. ಬಟ್ಟೆ ಒಗೆಯುವವರು, ಚಪ್ಪರ ಹಾಕಿದವರು, ಅಡುಗೆಯವರು ಎಲ್ಲರೂ ಸೇರಿ ದೊಡ್ಡ ದೋಣಿಯನ್ನು ಮಗುಚಿ ನೀರಿಗೆ ನೂಕಿದರು. ಕಮಲಳ ಹಪ್ಪಳ ನಾಲ್ಕು ದಿಕ್ಕಿಗೂ ಹಾರಿತು. ಹಗ್ಗ ಕಟ್ಟಿದರು. ಬೆಂಡೆಕಾಯಿ ಮುಂದೆ, ದೊಡ್ಡ ದೋಣಿ ಹಿಂದೆ. ದೊಡ್ಡ ದೋಣಿಯವರೇ ಹುಟ್ಟು ಹಾಕಿ ಬೆಂಡೆಕಾಯಿಯನ್ನು ನೂಕಿದ್ದೂ ಉಂಟು, ಆದರೆ ಅದು ದಾಖಲೆಯಲ್ಲಿಲ್ಲ. ಸಾಮಾನಿಗೆ ಒಂದು ನಿಯಮವಿದ್ದುದರಿಂದ, ಜೊತೆಗೆ ಬಂದ ಹರಿನಾಥ ಒಬ್ಬೊಬ್ಬರನ್ನೂ ಹತ್ತಿಸುವಾಗ ಕೇಳಿದನು: ‘ಒಡೆಯುವಂಥದ್ದೋ, ಒಡೆಯದಂಥದ್ದೋ?’ ಹುಡುಗನ ಸೋದರಮಾವ ಒಡೆಯದಂಥದ್ದು. ವಾಲಗದವರು ಒಡೆಯದಂಥದ್ದು, ಆದರೆ ಸದ್ದು ಮಾಡುವಂಥದ್ದು. ಗುಣಪಾಲನನ್ನು ಕೇಳಿದಾಗ ಅವನು ನಾಚಿ ಕೆಂಪಾದನು.

‘ಒಡೆಯುವಂಥದ್ದು ಅಂತ ಬರೀರಿ,’ ಎಂದನು ಮುದ್ದಣ್ಣ. ‘ನನ್ನ ಅಳಿಯ ಅವ.’

ಎರಡು ಸರದಿಯಲ್ಲಿ ಅರುವತ್ತೂ ಸಾಮಾನು ದಾಟಿತು. ಹನ್ನೊಂದಕ್ಕೆ ಸರಿಯಾಗಿ ಧಾರೆಯಾಯಿತು. ಧಾರೆಯ ನೀರು ಬಿಡುವಾಗ ಮುದ್ದಣ್ಣನ ತಲೆಯಲ್ಲಿ ಇನ್ನೂ ಟೊಪ್ಪಿ ಇತ್ತು. ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಪಂಕಜಾಕ್ಷಿಯೇ ಕೈ ನೀಡಿ ತೆಗೆದು, ಅಪ್ಪನ ಕಣ್ಣು ಒರೆಸಿದಳು.

ಆ ದಿನದಿಂದ ಕೊಕ್ಕೆಬೈಲು ಕಡವಿನಲ್ಲಿ ಜನ ದಾಟುವುದು ನಿಂತು ಸಾಮಾನು ದಾಟತೊಡಗಿತು. ಮೇಷ್ಟ್ರು ಒಂದು, ಎಮ್ಮೆ ಎರಡು, ಸೂಲಗಿತ್ತಿ ತುರ್ತು ಒಂದು. ಒಂದು ವರ್ಷದ ಬಳಿಕ ಪಂಕಜಾಕ್ಷಿ ಕೂಸಿನೊಡನೆ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದಾಗ, ‘ಸಾಮಾನು ಎರಡು, ಒಂದು ಒದ್ದೆ’ ಎಂದು ಬರೆಯಲಾಯಿತು. ಮೇಲಿನವರು ಬಂದು ಪರಿಶೀಲಿಸಿ, ಸಾಮಾನಾಗಿ ದಾಟಿ, ಪ್ರಶಂಸೆ ಬರೆದು ಹೋದರು.

ಇನ್ನೊಂದು ಮಳೆಗಾಲ ಕಳೆದು ಭಟ್ಟರೇ ಒಂದು ದಿನ ಕಡವಿಗೆ ಬಂದರು. ಕೈಯಲ್ಲಿ ಅರ್ಜಿಯಿತ್ತು.

‘ಮುದ್ದಣ್ಣ, ಮಗಳ ಮದುವೆ, ಊರಿನಲ್ಲಿ. ಹತ್ತು ದಿನದ ರಜೆ ಬೇಕಿತ್ತು.’

‘ದಡದಲ್ಲಿ ನಾನು ಅಂಬಿಗ ಸ್ವಾಮಿ,’ ಎಂದನು ಮುದ್ದಣ್ಣ. ‘ನೀರಿಗೆ ಇಳಿದ ಮೇಲೆ ನೋಡುವಾ. ಹಿಂದಿನ ದೋಣಿಗೆ ಹತ್ತಿ.’

ಹರಿನಾಥ ಪುಸ್ತಕ ಬಿಡಿಸಿದನು. ‘ಒಡೆಯುವಂಥದ್ದೋ, ಒಡೆಯದಂಥದ್ದೋ?’

ಭಟ್ಟರು ಕೊಡೆ ಮಡಚಿದರು. ‘ಒಡೆಯುವಂಥದ್ದು ಅಂತಲೇ ಬರಿ ಮಾರಾಯ. ಮಗಳನ್ನು ಕಳಿಸಿಕೊಡ್ಲಿಕ್ಕೆ ಹೋಗುವವ.’

ಹೊಳೆಯ ನಡುವಿನಲ್ಲಿ ಮುದ್ದಣ್ಣ ಟೊಪ್ಪಿ ಸರಿಪಡಿಸಿಕೊಂಡು ಹದಿನೈದು ದಿನ ಮಂಜೂರು ಮಾಡಿದನು. ಮೊಹರನ್ನು ಸದ್ದಾಗದಂತೆ ಒತ್ತಿದನು. ಆಮೇಲೆ ಹಗ್ಗ ಜಗ್ಗದ ಹಾಗೆ, ಬಹಳ ನಿಧಾನವಾಗಿ ಹುಟ್ಟು ಹಾಕಿದನು.