ಇನ್ನೂ ಬಾರದ ರೋಲರ್ ಕೋಸ್ಟರ್

ಹೆದರಿಕೆಯನ್ನು ಹೆದರಿಕೆ ಎಂದೇ ಒಪ್ಪಿಕೊಳ್ಳುವುದು ನಮ್ಮ ಕಡೆಯ ಗಂಡಸರಿಗೆ ಐವತ್ತು ದಾಟಿದ ಮೇಲೂ ಆಗುವುದಿಲ್ಲ. ಅದಕ್ಕೆ ಬೇರೆ ಏನಾದರೂ ಹೆಸರಿಡುತ್ತೇವೆ. ಕೆರೆಗೆ ಇಳಿಯಲು ಹೆದರುವವನು ನೆಗಡಿ ಅನ್ನುತ್ತಾನೆ, ಹಾವಿಗೆ ಹೆದರುವವನು ಪ್ರಾಣಿದಯೆ ಅನ್ನುತ್ತಾನೆ. ನನ್ನ ಹೆದರಿಕೆ ಎತ್ತರದ್ದು. ಅದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಭಕ್ತಿ. ಪ್ರತಿ ವರ್ಷ ಕಬ್ಬಾಳಿಗೆ ಹೋದಾಗ ಹೆಂಡತಿ ಬರಿಗಾಲಲ್ಲಿ ಬೆಟ್ಟ ಹತ್ತಿ ಇಳಿಯುತ್ತಾಳೆ. ನಾನು ಬುಡದಲ್ಲೇ ಕುಳಿತು, ‘ಅಮ್ಮನ ಗುಡಿ ಇರೋದೇ ಕೆಳಗೆ, ಅವಳನ್ನ ಬಿಟ್ಟು ಮೇಲೆ ಹೋಗಿ ನೋಡೋದೇನಿದೆ’ ಎನ್ನುತ್ತೇನೆ. ಪೂಜಾರಿಗಳು ಇದನ್ನು ಕೇಳಿ ತಲೆದೂಗಿದ್ದಾರೆ. ನಾನು ಹೊಂಗನೂರಿನಲ್ಲಿ ಮೇಷ್ಟ್ರು. ಶಾಲೆಯಲ್ಲಿ ಬಾವುಟ ಹಾರಿಸುವಾಗ ಮೇಲೆ ಹೋಗುವುದು ಬಾವುಟ ಮಾತ್ರವಾದ್ದರಿಂದ ನನ್ನ ಕೆಲಸಕ್ಕೆ ಇದುವರೆಗೆ ತೊಂದರೆಯಾಗಿಲ್ಲ.

ಹೆಂಡತಿ ಭಾಗ್ಯ ರೇಷ್ಮೆ ಹುಳು ಸಾಕುತ್ತಾಳೆ. ಹುಳುಮನೆ ಇರುವ ಹೆಂಗಸಿಗೆ ಭಾನುವಾರ, ಹಬ್ಬ, ಮದುವೆ ಯಾವುದೂ ತನ್ನದಲ್ಲ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು. ಒಂದು ಬೆಳೆಯ ಗೂಡು ಮಾರಿ, ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಮರಿ ತರುವವರೆಗೆ ಸಿಗುವ ಹತ್ತು ಹನ್ನೆರಡು ದಿನವೇ ಅವಳ ರಜೆ. ಅಂಥ ಒಂದು ಬಿಡುವಿನಲ್ಲಿ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ದೂರದಲ್ಲಿ ಆಟದ ಪಾರ್ಕಿನ ರೋಲರ್ ಕೋಸ್ಟರ್ ಕಂಡಿತು. ತುದಿಯಲ್ಲಿ ಯಾರೋ ಎರಡೂ ಕೈ ಮೇಲೆತ್ತಿದ್ದರು. ಅವಳು ಕಿಟಕಿಯಿಂದ ಕತ್ತು ಹೊರಳಿಸಿ, ಅದು ಮರೆಯಾಗುವ ತನಕ ನೋಡಿದಳು. ಆಮೇಲೆ, ‘ಒಂದ್ ಸತಿ ನಾವಿಬ್ರೂ ಅದ್ರಲ್ಲಿ ಕೂರಬೇಕು ಕಣ್ರೀ’ ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ. ಕೇಳಿದ್ದು ಇದೊಂದನ್ನು.

ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೆದರಿಕೆ ಅನ್ನಲು ಮೀಸೆ ಬಿಡಲಿಲ್ಲ. ‘ಈಗಲೇ ಯಾಕೆ?’ ಅಂದೆ. ‘ಹೊಸದೊಂದು ಬರುತ್ತಂತೆ, ಇದರ ಮೂರರಷ್ಟು ದೊಡ್ಡದು. ಅದು ಬಂದ ಮೇಲೆ ಇದರಲ್ಲಿ ಯಾರು ಕೂರುತ್ತಾರೆ? ಕೂತರೆ ಅದರಲ್ಲೇ ಕೂರೋಣ.’ ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಮೇಷ್ಟ್ರ ಹೆಂಡತಿಯರು ಹಾಗೆಲ್ಲ ಕೇಳುವುದಿಲ್ಲ. ಗಂಡ ಪೇಪರ್ ಓದುತ್ತಾನೆ, ಅದರಲ್ಲಿ ಬಂದಿರುತ್ತದೆ ಅಂದುಕೊಳ್ಳುತ್ತಾರೆ.

ಆ ಮಾತು ಹುಳುಮನೆಯಿಂದ ಹೊರಬಿದ್ದು ಹಾಲಿನ ಡೈರಿಗೆ ಹೋಯಿತು. ನಮ್ಮೂರಿನ ಡೈರಿಯಲ್ಲಿ ಹಾಲಿಗೆ ನೀರು ಬೆರೆಸುವಂತಿಲ್ಲ, ಸುದ್ದಿಗೆ ಬೆರೆಸಬಹುದು. ವಾರ ಕಳೆಯುವುದರೊಳಗೆ ಕುರಿ ಸಾಕುವ ಸಿದ್ದಪ್ಪ ನನ್ನನ್ನೇ ನಿಲ್ಲಿಸಿ, ‘ಮೇಷ್ಟ್ರೇ, ಅದೇನೋ ಕಬ್ಬಾಳ್ದುರ್ಗಕ್ಕಿಂತ ಎತ್ರ ಐತಂತೆ. ತಲೆಕೆಳಗಾದಾಗ ಮಾಗಡಿ ಗಂಟ ಕಾಣ್ತದಂತೆ’ ಅಂದ. ಅವನು ಹೇಳಿದ ಗಾಂಭೀರ್ಯಕ್ಕೆ ನನಗೇ ನಂಬಿಕೆ ಬಂತು. ಯಾರೋ ಹೆದ್ದಾರಿಯ ಪಕ್ಕ ಕಬ್ಬಿಣದ ಕಂಬಗಳು ಬಂದು ಬಿದ್ದಿರುವುದನ್ನು ಕಂಡಿದ್ದರು. ಅವು ಕರೆಂಟಿನವು ಎಂದು ಇನ್ಯಾರೋ ಹೇಳಿದ್ದಕ್ಕೆ, ‘ಕರೆಂಟಿಗೆ ಅಷ್ಟು ದಪ್ಪ ಕಂಬ ಯಾಕ್ಲಾ ಬೇಕು?’ ಎಂದು ಸಿದ್ದಪ್ಪ ಬಾಯಿ ಮುಚ್ಚಿಸಿದ.

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲುಗಾಡದೆ ಕೂತು ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಜ್ವರದ ಹೊತ್ತಿನಲ್ಲಿ ಹುಳುಮನೆಯಲ್ಲಿ ಜೋರಾಗಿ ಮಾತಾಡುವುದು ಕೂಡ ಇಲ್ಲ. ಅಷ್ಟು ದೊಡ್ಡ ರೈಲು ಧಡಧಡ ಇಳಿದರೆ ನೆಲ ಅದುರದೆ ಇರುತ್ತದೆಯೇ, ಹುಳುವಿನ ಗತಿಯೇನು ಎಂಬ ಚಿಂತೆ ಹಿರಿಯರಿಗೆ ಹತ್ತಿತು. ಪಾರ್ಕಿಗೂ ನಮಗೂ ನಡುವೆ ಎರಡು ಪೇಟೆಗಳಿವೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಳು ಜ್ವರಕ್ಕೆ ಕೂತ ದಿನ ಆ ರೈಲು ಓಡಿಸಬಾರದೆಂದು ಪಂಚಾಯಿತಿಗೆ ಅರ್ಜಿ ಕೊಡುವುದಾಯಿತು. ಬರೆಯಲು ಮೇಷ್ಟ್ರನ್ನು ಕರೆದರು. ಇಲ್ಲದ ರೈಲನ್ನು ನಿಲ್ಲಿಸಬೇಕೆಂದು ‘ಮಾನ್ಯರೇ’ ಎಂದು ಶುರುಮಾಡಿ ಎರಡು ಪುಟ ಬರೆದೆ. ಅಕ್ಷರ ದುಂಡಗೆ ಬಂದಿತ್ತು. ಆದರೆ ಒಬ್ಬೊಬ್ಬರ ಮನೆಯ ಹುಳು ಒಂದೊಂದು ದಿನ ಜ್ವರಕ್ಕೆ ಕೂರುವುದರಿಂದ ಯಾವ ದಿನ ಎಂದು ಬರೆಯುವುದೇ ಜಗಳವಾಗಿ ಅರ್ಜಿ ನನ್ನ ಬಳಿಯೇ ಉಳಿಯಿತು.

ಭಾಗ್ಯ ಮಾತ್ರ ಪ್ರತಿ ಬೆಳೆಯ ಗೂಡು ಮಾರಿದ ಮಾರನೇ ದಿನ ಕೇಳುತ್ತಿದ್ದಳು. ‘ಹೊಸದು ಬಂತಾ?’ ನಾನು ಒಂದು ಸಲ ಸಾಮಾನು ಹಡಗಿನಲ್ಲಿ ಬರುತ್ತಿದೆ ಎಂದೆ. ಇನ್ನೊಂದು ಸಲ ಪರೀಕ್ಷೆಗೆ ಮರಳಿನ ಮೂಟೆ ಕೂರಿಸಿ ಓಡಿಸುತ್ತಿದ್ದಾರೆ ಎಂದೆ. ‘ಪಾಪ, ಮೊದ್ಲು ಮೂಟೆ ಕೂರ್ಸಿದ್ದು ಒಳ್ಳೇದಾಯ್ತು’ ಎಂದು ಅವಳು ಬಕೆಟ್ ಎತ್ತಿಕೊಂಡು ಹುಳುಮನೆ ತೊಳೆಯಲು ಹೋದಳು. ಅವಳು ಹೀಗೆ ನಂಬಿದ ಹೊತ್ತಿನಲ್ಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹಾಗೆಂದು ಊಟ ಬಿಟ್ಟೆನೆಂದಲ್ಲ. ಬೆಳೆಗಳು ಬಂದವು, ಹೋದವು. ನಡುವೆ ಒಂದು ಸಲ ಸೊಪ್ಪಿನ ಹೊರೆ ಇಳಿಸುವಾಗ ತಲೆ ಸುತ್ತಿ ಕೂತವಳನ್ನು ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬಿಪಿ ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಈ ಬಿಡುವಿನಲ್ಲಿ ಅವಳು ಕೇಳಲಿಲ್ಲ. ಹೊಸ ಸೀರೆ ಉಟ್ಟು ನಿಂತು, ‘ಆ ದೊಡ್ಡದು ಬರೋ ಗಂಟ ನನ್ ಕೈಲಿ ಕಾಯಕ್ಕಾಗಲ್ಲ. ಹಳೇದೇ ಸಾಕು, ನಡೀರಿ’ ಅಂದಳು. ನಾನು ಶಾಲೆ ಅಂದೆ. ಭಾನುವಾರ ಅಂದಳು. ಬಸ್ಸಿನಲ್ಲಿ ನಾನು ತಿಳಿದಿರುವ ದೇವರನ್ನೆಲ್ಲ ನೆನೆದೆ.

ಸಾಲು ಕರಗಿ ನಮ್ಮ ಸರದಿ ಬರುವ ಹೊತ್ತಿಗೆ ಗೇಟಿನ ಪಕ್ಕದ ಬೋರ್ಡು ಕಂಡಿತು. ಗರ್ಭಿಣಿಯರು, ಹೃದಯದ ಕಾಯಿಲೆಯವರು, ಬಿಪಿ ಇರುವವರು ಕೂರಬಾರದು. ಓದಿದ ಕೂಡಲೇ ನನಗಾದದ್ದು ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ. ಭಾಗ್ಯ ಬೋರ್ಡನ್ನು ನಿಧಾನವಾಗಿ ಓದಿ, ಗೇಟಿನಲ್ಲಿದ್ದ ಹೆಂಗಸಿಗೆ, ‘ಬೆಳಿಗ್ಗೆ ಮಾತ್ರೆ ನುಂಗಿವ್ನಿ ಕಣವ್ವ, ಆಗಲ್ವಾ?’ ಎಂದು ಕೇಳಿದಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಹಾಗೆ ಸುಮ್ಮನಿರಲು ಬರುವುದಿಲ್ಲ.

‘ಆಗಲ್ಲ ಅಮ್ಮಾ. ಯಾವಾಗಿಂದ ಇದೆ ಬಿಪಿ?’

‘ಹೋದ್ ವರ್ಷದಿಂದ.’

ನಾನು ಅಲ್ಲಿಯೇ ನಿಂತು ಮನಸ್ಸಿನಲ್ಲಿ ಎಣಿಸಿದೆ. ಹೋದ ವರ್ಷಕ್ಕೆ ಮುಂಚೆ ಎಷ್ಟು ಬೆಳೆ, ಬೆಳೆ ಬೆಳೆಯ ನಡುವೆ ಎಷ್ಟು ಬಿಡುವು, ಅಷ್ಟರಲ್ಲಿ ಯಾವ ಭಾನುವಾರವಾದರೂ ಇವಳು ಇದರಲ್ಲಿ ಕೂತು ಕೈ ಎತ್ತಬಹುದಿತ್ತು. ‘ಬಾ, ಹೋಗೋಣ’ ಅಂದೆ.

‘ಟಿಕೆಟ್ಟಿಗೆ ದುಡ್ ಕೊಟ್ಟಿಲ್ವಾ? ನೀವ್ ಹೋಗ್ಬನ್ನಿ’ ಅಂದಳು. ‘ಬಂದು ಎಂಗಿತ್ತು ಅಂತ ಹೇಳಿ, ಸಾಕು.’

ಅವಳ ಮುಖ ನೋಡಿದ ಮೇಲೆ ನೆಗಡಿ, ಭಕ್ತಿ, ಪ್ರಾಣಿದಯೆ ಯಾವುದೂ ನಾಲಿಗೆಗೆ ಬರಲಿಲ್ಲ. ಹೋಗಿ ಕೂತೆ. ಎದೆಗೆ ಕಬ್ಬಿಣದ ಅಡ್ಡಪಟ್ಟಿ ಬಿತ್ತು. ಮುಂದಿನದನ್ನು ನಾನು ವರ್ಣಿಸಲಾರೆ. ಪಕ್ಕದಲ್ಲಿದ್ದ ಕಾಲೇಜು ಹುಡುಗ ಇಳಿಯುವಾಗ ತನ್ನ ತೋಳನ್ನು ವಾಪಸ್ ಕೇಳಿದ.

ಕೆಳಗೆ ಭಾಗ್ಯ ಕಾದಿದ್ದಳು. ‘ಎಂಗಿತ್ತು? ಮೇಲಿಂದ ನಮ್ಮೂರ್ ಕಡೆ ಕಾಣ್ತದಾ?’

ಇಲ್ಲದ ರೈಲಿನ ವಿಷಯವನ್ನು ಅಷ್ಟು ವರ್ಷ ಹೇಳಿದ ಬಾಯಿಗೆ ಕೂತು ಬಂದ ರೈಲಿನ ಬಗ್ಗೆ ಒಂದು ಮಾತು ಸಿಗಲಿಲ್ಲ. ‘ಕಣ್ಣು ಮುಚ್ಚಿಕೊಂಡಿದ್ದೆ’ ಅಂದೆ. ಒಂದು ನಿಜ ಬಾಯಿಂದ ಹೊರಟ ಮೇಲೆ ಇನ್ನೊಂದೂ ಹೊರಟಿತು. ‘ಹೊಸದು ಬರುತ್ತೆ ಅಂದದ್ದೂ ಸುಳ್ಳು. ಹೆದರಿಕೆಗೆ ನಾನೇ ಕಟ್ಟಿ ಹೇಳಿದ್ದು.’

ಅವಳು ಬೈದಿದ್ದರೆ ಚೆನ್ನಾಗಿತ್ತು. ಮೇಲೆ ಇನ್ನೊಂದು ತಂಡ ಕೂಗುತ್ತಾ ಇಳಿಯಿತು, ಅವಳು ಅದನ್ನು ಕೊನೆಯವರೆಗೂ ನೋಡಿದಳು.

‘ಅಂಗಾದ್ರೆ ಇರೋದು ಇದೊಂದೇನಾ?’

‘ಇದೊಂದೇ.’

‘ಸರಿ. ಇನ್ನೊಂದ್ ಸತಿ ಹತ್ತಿ. ಈ ಸತಿ ನನ್ ಪಾಲಿಂದು ಅಂತ ಹತ್ತಿ. ಕಣ್ ಬುಟ್ಕಂಡು ಎಲ್ಲಾ ನೋಡ್ಕಂಡ್ ಬನ್ನಿ.’

ಸಾಲಿನಲ್ಲಿ ಮತ್ತೆ ನಿಂತೆ. ಗೇಟಿನ ಹತ್ತಿರ ಬಂದಾಗ ಭಾಗ್ಯಳಿಗೆ ಕೇಳಿಸದಂತೆ, ನನಗೂ ಬಿಪಿ ಇದೆ ಎಂದು ಆ ಹೆಂಗಸಿಗೆ ಹೇಳಿ ನೋಡಿದೆ. ‘ಈಗ ತಾನೇ ಇಳಿದು ಬಂದ್ರಲ್ಲ ಸಾರ್’ ಎಂದು ಅವಳು ಗೇಟು ತೆಗೆದಳು.